ಬೆಂಡಿನ ಮೇಲೆ ನಿಂತ ಅಧಿಕಾರಿ

ಇಂದಿಗೆ ಸುಮಾರು ಇನ್ನೂರು ವರ್ಷಗಳ ಹಿಂದೆ, ಚೀನಾದ ಗುವಾಂಗ್‌ಝೌ ಪಟ್ಟಣದ ಚಿತ್ರದಂಗಡಿಗಳಲ್ಲಿ ಮಾರಾಟವಾಗುತ್ತಿದ್ದ ಒಂದು ಜಲವರ್ಣ ಚಿತ್ರವನ್ನು ಇವತ್ತು ನೋಡೋಣ. ಉದ್ದ ಒಂದು ಗೇಣಿಗಿಂತ ತುಸು ಹೆಚ್ಚು, ಅಗಲ ಇನ್ನೂ ಕಡಿಮೆ. ನಡುವೆ ಒಬ್ಬ ಮನುಷ್ಯ ನಿಂತಿದ್ದಾನೆ. ಅವನ ಹಿಂದೆ ಮನೆಯಿಲ್ಲ, ಮರವಿಲ್ಲ, ಕಾಲ ಕೆಳಗೆ ನೆಲವನ್ನೂ ಬರೆದಿಲ್ಲ. ಚಿತ್ರಗಾರನಿಗೆ ಬೇಕಾಗಿದ್ದದ್ದು ಅವನ ಉಡುಪು ಮಾತ್ರ.

ತಲೆಯ ಮೇಲೆ ಕೆಂಪು ರೇಷ್ಮೆಯ ಕುಚ್ಚು ಇಳಿಬಿಟ್ಟ ಚೂಪು ಟೋಪಿ. ಟೋಪಿಯ ತುದಿಯಲ್ಲಿ ಒಂದು ಪುಟ್ಟ ನೀಲಿ ಗುಂಡು, ಹಿಂಬದಿಗೆ ಇಳಿದ ಒಂದು ನವಿಲುಗರಿ. ಕೊರಳಲ್ಲಿ ಹೊಟ್ಟೆಯವರೆಗೆ ಬರುವ ಮಣಿಸರ. ಕಪ್ಪೇ ಇರಬೇಕು ಅನ್ನಿಸುವಷ್ಟು ಗಾಢವಾದ ನೀಲಿ ಮೇಲಂಗಿ. ಎದೆಯ ಮೇಲೆ ಕಸೂತಿ ಮಾಡಿದ ಒಂದು ಚೌಕ, ಅದರೊಳಗೆ ಒಂದು ಹಕ್ಕಿ. ಮೇಲಂಗಿಯ ಕೆಳಗಿನಿಂದ ಒಳಗಿನ ನಿಲುವಂಗಿಯ ಅಂಚು ಇಣುಕುತ್ತದೆ. ಆ ಅಂಚಿನ ತುಂಬ ಓರೆಯಾದ ಬಣ್ಣದ ಪಟ್ಟೆಗಳು, ಅವುಗಳ ಮೇಲೆ ಅಲೆಗಳು. ಕಾಲಿಗೆ ದಪ್ಪ ಬಿಳಿ ಅಟ್ಟೆಯ ಕಪ್ಪು ಬೂಟು.

ಈತ ಕ್ವಿಂಗ್ ವಂಶದ ಚಕ್ರವರ್ತಿಗಳ ಆಳ್ವಿಕೆಯಲ್ಲಿದ್ದ ಒಬ್ಬ ಅಧಿಕಾರಿ. ಚಿತ್ರದಲ್ಲಿ ಅವನ ಹೆಸರು ಬರೆದಿಲ್ಲ. ಆದರೂ ಅವನ ಹುದ್ದೆ ಎಷ್ಟು ದೊಡ್ಡದು, ಅವನು ಕತ್ತಿ ಹಿಡಿಯುವವನೋ ಕಡತ ನೋಡುವವನೋ, ಚಕ್ರವರ್ತಿ ಅವನನ್ನು ಮೆಚ್ಚಿದ್ದಾನೋ ಇಲ್ಲವೋ ಎಂದು ನೀವು ಇಲ್ಲಿಂದಲೇ ಹೇಳಬಹುದು. ಓದಲು ಕಲಿಯಬೇಕು, ಅಷ್ಟೇ. ತಲೆಯಿಂದ ಶುರು ಮಾಡೋಣ.

ಟೋಪಿಯ ತುದಿಯ ಆ ಗುಂಡು ಚಂದಕ್ಕೆ ಇಟ್ಟದ್ದಲ್ಲ. ಕ್ವಿಂಗ್ ಆಡಳಿತದಲ್ಲಿ ಅಧಿಕಾರಿಗಳಿಗೆ 9 ದರ್ಜೆಗಳಿದ್ದವು. ಮೊದಲನೆಯದು ಎಲ್ಲಕ್ಕಿಂತ ಮೇಲು, ಒಂಬತ್ತನೆಯದು ಎಲ್ಲಕ್ಕಿಂತ ಕೆಳಗು. ಒಂದೊಂದು ದರ್ಜೆಗೆ ಒಂದೊಂದು ಗುಂಡು. ಮೊದಲನೆಯ ದರ್ಜೆಗೆ ಮಾಣಿಕ್ಯ, ಎರಡನೆಯದಕ್ಕೆ ಹವಳ. ಮೂರನೆಯದಕ್ಕೆ ಇಂದ್ರನೀಲ, ನಾಲ್ಕನೆಯದಕ್ಕೆ ಲಾಜವರ್ದ ಎಂಬ ನೀಲಿ ಕಲ್ಲು. ಐದನೆಯದಕ್ಕೆ ಸ್ಫಟಿಕ, ಆರನೆಯದಕ್ಕೆ ಸಮುದ್ರದ ದೈತ್ಯ ಚಿಪ್ಪಿನ ಬಿಳಿ ತುಂಡು. ಉಳಿದ ಮೂರು ದರ್ಜೆಗಳಿಗೆ ಬಂಗಾರದ ಬಣ್ಣದ ಗುಂಡು.

ಈ ಸಾಲನ್ನು ಇನ್ನೊಮ್ಮೆ ಓದಿ. ಕೆಂಪು ಎರಡು, ನೀಲಿ ಎರಡು, ಬಿಳಿ ಎರಡು. ಒಂದೊಂದು ಜೋಡಿಯಲ್ಲೂ ಮೇಲಿನ ದರ್ಜೆಯವನ ಕಲ್ಲಿನ ಮೂಲಕ ಬೆಳಕು ಹಾಯುತ್ತದೆ, ಕೆಳಗಿನವನ ಕಲ್ಲಿನ ಮೂಲಕ ಹಾಯುವುದಿಲ್ಲ. ಮಾಣಿಕ್ಯ ಪಾರದರ್ಶಕ, ಹವಳ ಅಲ್ಲ. ಇಂದ್ರನೀಲ ಪಾರದರ್ಶಕ, ಲಾಜವರ್ದ ಅಲ್ಲ. ಸ್ಫಟಿಕ ಪಾರದರ್ಶಕ, ಚಿಪ್ಪು ಅಲ್ಲ. ಬಣ್ಣ ಮತ್ತು ಬೆಳಕು ಎಂಬ ಎರಡೇ ಗುಣಗಳನ್ನು ಹಿಡಿದು ಆರು ದರ್ಜೆಗಳನ್ನು ಗುರುತಿಸುವ ಏರ್ಪಾಡು ಇದು. ಎಷ್ಟು ಜಾಣತನದ ಯೋಜನೆ ನೋಡಿ!

ಒಂದು ವಸ್ತುವಿನ ಮೂಲಕ ಬೆಳಕು ಏಕೆ ಹಾಯುತ್ತದೆ, ಇನ್ನೊಂದರ ಮೂಲಕ ಏಕಿಲ್ಲ? ಅಡುಗೆಮನೆಯಿಂದ ಒಂದು ದೊಡ್ಡ ಕಲ್ಲುಸಕ್ಕರೆ ತಂದು ಕಿಟಕಿಯ ಬೆಳಕಿಗೆ ಹಿಡಿಯಿರಿ. ಅದರೊಳಗೆ ಬೆಳಕು ಕಾಣುತ್ತದೆ. ಈಗ ಅದನ್ನೇ ಕುಟ್ಟಿ ಪುಡಿ ಮಾಡಿ. ಪುಡಿ ಅಚ್ಚ ಬಿಳಿ, ಅದರೊಳಗೆ ಏನೂ ಕಾಣದು. ವಸ್ತು ಬದಲಾಗಿಲ್ಲ, ನೀವು ಏನನ್ನೂ ಬೆರೆಸಿಲ್ಲ. ಬದಲಾದದ್ದು ಒಳಗಿನ ಗಡಿಗಳ ಸಂಖ್ಯೆ. ದೊಡ್ಡ ಹರಳಿನೊಳಗೆ ಹೊಕ್ಕ ಬೆಳಕಿಗೆ ಅಡ್ಡಿಯಿಲ್ಲ, ನೇರ ಹೊರಟುಹೋಗುತ್ತದೆ. ಪುಡಿಯಲ್ಲಿ ಸಕ್ಕರೆ, ಗಾಳಿ, ಸಕ್ಕರೆ, ಗಾಳಿ ಎಂದು ಹೆಜ್ಜೆಹೆಜ್ಜೆಗೂ ಗಡಿ. ಒಂದೊಂದು ಗಡಿಯಲ್ಲೂ ಬೆಳಕು ಸ್ವಲ್ಪ ಚದುರುತ್ತದೆ. ಕೊನೆಗೆ ಎಲ್ಲ ದಿಕ್ಕಿಗೂ ಚದುರಿ ನಮ್ಮ ಕಣ್ಣಿಗೆ ಬಿಳಿಯಾಗಿ ಬರುತ್ತದೆ. ಸ್ಫಟಿಕದ ಗುಂಡು ಇಡಿಯಾದ ಹರಳು. ಚಿಪ್ಪಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು ಪದರ ಪದರವಾಗಿ ಕೂತಿರುತ್ತವೆ. ಐದನೆಯ ದರ್ಜೆಗೂ ಆರನೆಯ ದರ್ಜೆಗೂ ಇದ್ದ ವ್ಯತ್ಯಾಸ ಇಷ್ಟೇ. ಈ ‘ಗಡಿಯಲ್ಲಿ ಚದುರುವ ಬೆಳಕು’ ಎಂಬ ವಿಷಯವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೊದಲನೆಯ ದರ್ಜೆಯ ಮಾಣಿಕ್ಯ ಮತ್ತು ಮೂರನೆಯ ದರ್ಜೆಯ ಇಂದ್ರನೀಲ ಎರಡೂ ಒಂದೇ ಖನಿಜ. ಅಲ್ಯೂಮಿನಿಯಮ್ ಮತ್ತು ಆಮ್ಲಜನಕ ಕೂಡಿ ಆದ ಕುರುಂದ ಎಂಬ ಕಲ್ಲು ಅದು. ಶುದ್ಧವಾಗಿದ್ದರೆ ಅದಕ್ಕೆ ಬಣ್ಣವೇ ಇಲ್ಲ. ಅದರೊಳಗೆ ಚೂರೇ ಚೂರು ಕ್ರೋಮಿಯಮ್ ಸೇರಿದರೆ ಕೆಂಪು ಮಾಣಿಕ್ಯ. ಕಬ್ಬಿಣ ಮತ್ತು ಟೈಟೇನಿಯಮ್ ಸೇರಿದರೆ ನೀಲಿ ಇಂದ್ರನೀಲ. ಇಂಥ ರತ್ನಗಳನ್ನು ಎಲ್ಲ ಅಧಿಕಾರಿಗಳೂ ಎಲ್ಲಿಂದ ತರುವುದು? ಅದಕ್ಕೆಂದೇ 1730ರ ನಿಯಮ ಅದೇ ಬಣ್ಣದ ಗಾಜನ್ನು ಬಳಸಲು ಒಪ್ಪಿಗೆ ಕೊಟ್ಟಿತು. ಆಗಲೂ ಪಾರದರ್ಶಕ ಗಾಜು ಯಾರಿಗೆ, ಮಂದ ಗಾಜು ಯಾರಿಗೆ ಎಂಬ ಲೆಕ್ಕ ತಪ್ಪಲಿಲ್ಲ.

ನಮ್ಮ ಚಿತ್ರದವನ ಗುಂಡು ನೀಲಿ. ಇಂದ್ರನೀಲವೋ ಲಾಜವರ್ದವೋ? ಕಡಲೆಕಾಳಿಗಿಂತ ಚಿಕ್ಕದಾಗಿ ಬರೆದ ಗುಂಡಿನಲ್ಲಿ ಅದನ್ನು ಹೇಳುವುದು ಕಷ್ಟ. ಹಾಗಾಗಿ ಎದೆಯ ಚೌಕಕ್ಕೆ ಇಳಿಯೋಣ.

ಈ ಚೌಕಗಳು ಕ್ವಿಂಗ್ ವಂಶಕ್ಕಿಂತ ಹಳೆಯವು. ಅದಕ್ಕೂ ಹಿಂದಿನ ಮಿಂಗ್ ವಂಶದ ಕಾಲದಲ್ಲಿ, 1391ರಲ್ಲಿ, ಯಾವ ದರ್ಜೆಗೆ ಯಾವ ಪ್ರಾಣಿ ಎಂದು ಅರಮನೆ ಗೊತ್ತುಮಾಡಿತ್ತು. 1652ರಲ್ಲಿ ಕ್ವಿಂಗ್ ಅರಸರು ಅದನ್ನು ಸ್ವಲ್ಪ ಬದಲಿಸಿ ತಮ್ಮದಾಗಿ ಮಾಡಿಕೊಂಡರು. ನಿಜವಾದ ಚೌಕದ ಒಂದೊಂದು ಬದಿ ಸುಮಾರು 30 ಸೆಂಟಿಮೀಟರ್. ಎದೆಗೊಂದು, ಬೆನ್ನಿಗೊಂದು. ಕ್ವಿಂಗ್ ಮೇಲಂಗಿ ಮುಂದುಗಡೆ ತೆರೆದುಕೊಳ್ಳುತ್ತಿದ್ದುದರಿಂದ ಎದೆಯ ಚೌಕವನ್ನು ನಟ್ಟನಡುವೆ ಎರಡು ಹೋಳು ಮಾಡಿ ಹೊಲಿಯುತ್ತಿದ್ದರು. ಗುಂಡಿ ಹಾಕಿದಾಗ ಹಕ್ಕಿ ಒಂದಾಗುತ್ತಿತ್ತು.

ಕಡತ ನೋಡುವ ಅಧಿಕಾರಿಗಳಿಗೆ ಹಕ್ಕಿ, ಸೈನ್ಯದವರಿಗೆ ನಾಲ್ಕು ಕಾಲಿನ ಪ್ರಾಣಿ. ಹಕ್ಕಿಗಳ ಪಟ್ಟಿಯಲ್ಲಿ ಮೊದಲನೆಯದು ಕ್ರೌಂಚ. ಆಮೇಲೆ ಹೊನ್ನಿನ ಬಣ್ಣದ ಫೆಸೆಂಟ್, ನವಿಲು, ಕಾಡು ಹೆಬ್ಬಾತು, ಬೆಳ್ಳಿ ಫೆಸೆಂಟ್, ಬೆಳ್ಳಕ್ಕಿ, ಮ್ಯಾಂಡರಿನ್ ಬಾತು, ಲಾವಕ್ಕಿ. ಒಂಬತ್ತನೆಯ ದರ್ಜೆಯ, ಎಲ್ಲರಿಗಿಂತ ಕೆಳಗಿನ ಅಧಿಕಾರಿಗೆ ಬಾಲದಂಡೆ ಹಕ್ಕಿ. ಮಲೆನಾಡಿನ ಮಕ್ಕಳು ಬಾಲದಂಡೆಯನ್ನು ನೋಡಿರಬಹುದು. ಗಂಡಿಗೆ ಮೈಗಿಂತ ಉದ್ದವಾದ, ಪಟ್ಟಿಯಂತಹ ಎರಡು ಬಾಲದ ಗರಿಗಳು. ಚೀನಾದಲ್ಲಿರುವುದು ಅದರ ಹತ್ತಿರದ ಬಂಧು. ನನ್ನನ್ನು ಕೇಳಿದರೆ ಬಾಲದಂಡೆಗೆ ಇನ್ನೂ ಮೇಲಿನ ಸ್ಥಾನ ಸಿಗಬೇಕಿತ್ತು.

ಈ ಪಟ್ಟಿಯ ಹಕ್ಕಿಗಳೆಲ್ಲ ನಿಜವಾದ ಹಕ್ಕಿಗಳು. ಕಸೂತಿಯವರು ಅವನ್ನು ಕಣ್ಣಾರೆ ಕಂಡಿರಬಹುದಾಗಿತ್ತು. ಸೈನ್ಯದವರ ಪಟ್ಟಿ ಹಾಗಲ್ಲ. ಅಲ್ಲಿ ಹುಲಿ, ಚಿರತೆ, ಕರಡಿ ಇದ್ದವು. ಜೊತೆಗೆ ಚೀನಾದ ಕಾಡಿನಲ್ಲಿ ಇಲ್ಲದ ಸಿಂಹ, ಎಲ್ಲಿಯೂ ಇಲ್ಲದ ಕಿಲಿನ್ ಎಂಬ ಕಲ್ಪನೆಯ ಪ್ರಾಣಿ ಕೂಡ ಇದ್ದವು. ಘೇಂಡಾಮೃಗದ ಚೌಕವನ್ನಂತೂ ನೀವು ನೋಡಬೇಕು. ಅದನ್ನು ಕಾಣದವರು ಹೊಲಿದದ್ದರಿಂದ ಆ ಪ್ರಾಣಿ ಎತ್ತಿನ ಜಾತಿಯದ್ದಾಗಿಬಿಟ್ಟಿದೆ. ಕಂಡು ಬರೆದದ್ದಕ್ಕೂ ಕೇಳಿ ಬರೆದದ್ದಕ್ಕೂ ಇರುವ ಅಂತರ ಈ ಚೌಕಗಳಲ್ಲಿ ಎದ್ದು ಕಾಣುತ್ತದೆ.

ನಮ್ಮ ಅಧಿಕಾರಿಯ ಎದೆಯಲ್ಲಿರುವುದು ನವಿಲು. ಬಂಡೆಯ ಮೇಲೆ ಒಂಟಿ ಕಾಲಲ್ಲಿ ನಿಂತು, ಮೂಲೆಯಲ್ಲಿರುವ ಕೆಂಪು ಸೂರ್ಯನ ಕಡೆಗೆ ತಲೆಯೆತ್ತಿದೆ. ಸೂರ್ಯನೆಂದರೆ ಚಕ್ರವರ್ತಿ. ನವಿಲು ಮೂರನೆಯ ದರ್ಜೆಯ ಗುರುತು. ಅಲ್ಲಿಗೆ ಟೋಪಿಯ ಮೇಲಿನದು ಇಂದ್ರನೀಲವೇ ಎಂದು ತೀರ್ಮಾನವಾಯಿತು. ಒಂದೇ ಸಂಗತಿಯನ್ನು ಎರಡು ಕಡೆ ಹೇಳಿಟ್ಟರೆ ಒಂದು ಮಸುಕಾದರೂ ಇನ್ನೊಂದರಿಂದ ತಿಳಿಯಬಹುದು. ಇಂದು ಕಂಪ್ಯೂಟರುಗಳು ಸಂದೇಶ ಕಳಿಸುವಾಗಲೂ ಹೀಗೆಯೇ ಸ್ವಲ್ಪ ಹೆಚ್ಚಿನ ಗುರುತನ್ನು ಜೊತೆಗಿಟ್ಟು ಕಳಿಸುತ್ತವೆ. ದಾರಿಯಲ್ಲಿ ಏನಾದರೂ ಕೆಟ್ಟರೆ ಅದರಿಂದ ಸರಿಪಡಿಸಿಕೊಳ್ಳುತ್ತವೆ.

ಇನ್ನು ಟೋಪಿಯ ಹಿಂದಿನ ನವಿಲುಗರಿ. ಇದು ದರ್ಜೆಯ ಜೊತೆಗೆ ತಾನಾಗಿ ಬರುವ ವಸ್ತುವಲ್ಲ. ಒಳ್ಳೆಯ ಕೆಲಸ ಮಾಡಿದವರಿಗೆ ಚಕ್ರವರ್ತಿ ಕೊಡುತ್ತಿದ್ದ ಗೌರವ. ಪಚ್ಚೆಯಂಥ ಜೇಡ್ ಕಲ್ಲಿನ ಪುಟ್ಟ ಕೊಳವೆಗೆ ಸಿಕ್ಕಿಸಿ ಹಿಂದಕ್ಕೆ ಇಳಿಬಿಡುತ್ತಿದ್ದರು. ಒಂದು ಕಣ್ಣಿನ ಗರಿ, ಎರಡು ಕಣ್ಣಿನದು, ಮೂರು ಕಣ್ಣಿನದು ಎಂದು ಮೂರು ಬಗೆ. ಮೂರು ಕಣ್ಣಿನದು ತೀರಾ ಅಪರೂಪ.

ಪಾಪ, ಚಿತ್ರಗಾರನಿಗೆ ಈ ಗರಿ ದೊಡ್ಡ ತಲೆನೋವು. ಏಕೆಂದರೆ ನವಿಲುಗರಿಯಲ್ಲಿ ನೀಲಿ ಬಣ್ಣವೂ ಇಲ್ಲ, ಹಸಿರು ಬಣ್ಣವೂ ಇಲ್ಲ! ನಂಬಿಕೆ ಬರದಿದ್ದರೆ ಎಲ್ಲಾದರೂ ಬಿದ್ದು ಸಿಕ್ಕ ಗರಿಯ ಒಂದು ಎಳೆಯನ್ನು ನುಣ್ಣಗೆ ಅರೆದು ನೋಡಿ. ಸಿಗುವುದು ಕಂದು ಪುಡಿ. ಗರಿಯ ಎಳೆಗಳೊಳಗೆ ಮೆಲನಿನ್ ಎಂಬ ಕಪ್ಪುಗಂದು ವಸ್ತುವಿನ ಅತಿ ಸಣ್ಣ ಕಡ್ಡಿಗಳು ಸಾಲಾಗಿ ಜೋಡಿಸಿಕೊಂಡಿರುತ್ತವೆ. ಕಡ್ಡಿ ಕಡ್ಡಿಗೂ ನಡುವಿನ ದೂರ ಮಿಲಿಮೀಟರಿನ ಹತ್ತು ಸಾವಿರದ ಒಂದೆರಡು ಪಾಲು ಮಾತ್ರ. ಬೆಳಕಿನ ಅಲೆಗಳು ಈ ಸಾಲುಗಳಿಂದ ಪುಟಿದು ಬರುವಾಗ ಕೆಲವು ಒಂದಕ್ಕೊಂದು ಬಲ ಕೊಡುತ್ತವೆ, ಕೆಲವು ಒಂದನ್ನೊಂದು ಅಳಿಸಿಹಾಕುತ್ತವೆ. ಸಾಲುಗಳ ನಡುವಿನ ದೂರ ಎಳ್ಳಷ್ಟು ಬದಲಾದರೆ ಸಾಕು, ನೀಲಿ ಹೋಗಿ ಹಸಿರು, ಹಸಿರು ಹೋಗಿ ಹೊಂಬಣ್ಣ. ಗರಿಯನ್ನು ಓರೆ ಮಾಡಿದಾಗ ಬಣ್ಣ ಬದಲಾಗುವುದೂ ಅದಕ್ಕೇ. ಕುಂಚದಲ್ಲಿ ಇಂಥ ಕಡ್ಡಿಗಳನ್ನು ಜೋಡಿಸಲು ಆಗುತ್ತದೆಯೇ? ಚಿತ್ರಗಾರ ನೀಲಿ ಹಚ್ಚಿ, ಹಸಿರು ಹಚ್ಚಿ, ಕೂದಲೆಳೆಯಂಥ ಗೆರೆ ಎಳೆದು ಹೇಗೋ ಸಂಭಾಳಿಸಬೇಕಾಗಿತ್ತು.

ಮಣಿಸರದಲ್ಲಿ 108 ಮಣಿಗಳು. ಬೌದ್ಧರ ಜಪಮಾಲೆಯಿಂದ ಬಂದ ಲೆಕ್ಕ ಇದು. ನಿಮ್ಮ ಮನೆಯ ಹಿರಿಯರ ಜಪಮಾಲೆಯಲ್ಲೂ ಅಷ್ಟೇ ಮಣಿಗಳಿರುತ್ತವೆ, ಎಣಿಸಿ ನೋಡಿ. ಅಧಿಕಾರಿಯ ಸರದಲ್ಲಿ ಬೇರೆ ಬಣ್ಣದ ನಾಲ್ಕು ದೊಡ್ಡ ಮಣಿಗಳು ಸೇರಿಕೊಂಡು 108ನ್ನು ಇಪ್ಪತ್ತೇಳರಂತೆ ನಾಲ್ಕು ಪಾಲು ಮಾಡುತ್ತವೆ. ಅಂಗಿಯ ತೋಳಿನ ತುದಿ ಕುದುರೆಯ ಗೊರಸಿನ ಆಕಾರದಲ್ಲಿ ಕೈಯ ಮೇಲಕ್ಕೆ ಬಾಗಿರುತ್ತದೆ. ಕ್ವಿಂಗ್ ಅರಸರು ಮಂಚೂರಿಯಾದಿಂದ ಬಂದ ಮಂಚು ಜನ, ಕುದುರೆ ಸವಾರರು. ಚಳಿಯಲ್ಲಿ ಲಗಾಮು ಹಿಡಿದ ಕೈಯನ್ನು ಮುಚ್ಚುವ ಆ ತೋಳು, ಅರಮನೆಯಲ್ಲಿ ಕೂತ ಮೇಲೂ ಉಳಿದುಕೊಂಡಿತು. ಟೋಪಿಯಲ್ಲೂ ಎರಡು ಬಗೆ: ಬೇಸಿಗೆಗೆ ಬಿದಿರಿನ ಸೀಳು ಅಥವಾ ಹುಲ್ಲಿನಿಂದ ಹೆಣೆದದ್ದು, ಚಳಿಗಾಲಕ್ಕೆ ಅಂಚು ಮೇಲಕ್ಕೆ ಮಡಿಸಿದ ತುಪ್ಪಳದ್ದು. ನಮ್ಮವನದು ಬೇಸಿಗೆಯ ಟೋಪಿ. ನೋಡಿದಿರಾ, ಕಾಲ ಯಾವುದೆಂದೂ ತಿಳಿದುಹೋಯಿತು!

ಇಷ್ಟೆಲ್ಲ ಗುರುತುಗಳಿರುವ ಚಿತ್ರವನ್ನು ಕೊಳ್ಳುತ್ತಿದ್ದವರು ಚೀನಾದವರಲ್ಲ. ಅವರಿಗೆ ಅಧಿಕಾರಿಗಳು ಬೀದಿಯಲ್ಲೇ ಕಾಣುತ್ತಿದ್ದರು. ಕೊಳ್ಳುತ್ತಿದ್ದವರು ಹಡಗಿನಲ್ಲಿ ಬಂದ ಯೂರೋಪಿನ ಮತ್ತು ಅಮೆರಿಕದ ವ್ಯಾಪಾರಿಗಳು. 1757ರಿಂದ 1842ರವರೆಗೆ ಈ ಪಾಶ್ಚಾತ್ಯ ವ್ಯಾಪಾರಿಗಳ ಹಡಗುಗಳಿಗೆ ಚೀನಾದಲ್ಲಿ ತೆರೆದಿದ್ದ ಬಂದರು ಗುವಾಂಗ್‌ಝೌ ಒಂದೇ. ಆ ಕಾಲದ ವ್ಯಾಪಾರಿಗಳು ಅದನ್ನು ಕ್ಯಾಂಟನ್ ಎನ್ನುತ್ತಿದ್ದರು. ಚಹಾ, ರೇಷ್ಮೆ, ಪಿಂಗಾಣಿ ಅಲ್ಲಿಂದ ಹೊರಡುತ್ತಿತ್ತು. ಅಲ್ಲಿಗೆ ಹೋಗುತ್ತಿದ್ದ ಸರಕಿನಲ್ಲಿ ನಮ್ಮ ಮೈಸೂರು ಸೀಮೆಯ ಶ್ರೀಗಂಧವೂ ಇತ್ತು; ಪಶ್ಚಿಮ ಕರಾವಳಿಯಿಂದ ಹಡಗೇರಿ ಚೀನಾದ ದೇವಾಲಯಗಳ ಧೂಪವಾಗುತ್ತಿತ್ತು.

ಆದರೆ ಈ ವ್ಯಾಪಾರಿಗಳಿಗೆ ಊರೊಳಗೆ ಕಾಲಿಡುವ ಹಾಗಿರಲಿಲ್ಲ. ಕೋಟೆಗೋಡೆಯ ಹೊರಗೆ, ಪರ್ಲ್ ನದಿಯ ದಡದ ಒಂದು ಪಟ್ಟಿ ನೆಲದಲ್ಲಿ ಅವರ ವಸತಿ. ವ್ಯಾಪಾರದ ತಿಂಗಳುಗಳು ಮುಗಿದ ಮೇಲೆ ಅಲ್ಲಿಂದಲೂ ಹೊರಡಬೇಕು. ಚೀನಾಕ್ಕೆ ಬಂದೂ ಚೀನಾವನ್ನು ನೋಡದೆ ಹಿಂತಿರುಗುವ ಜನರಿಗೆ, ‘ಇಗೋ ಅಧಿಕಾರಿ, ಇಗೋ ಅವನ ಹೆಂಡತಿ, ಇಗೋ ಚಕ್ರವರ್ತಿ’ ಎಂದು ತೋರಿಸುವ ಚಿತ್ರಗಳು ಎಷ್ಟು ಬೇಕಾಗಿದ್ದವು ಎಂದು ಊಹಿಸಿಕೊಳ್ಳಿ. ಕ್ಯಾಮೆರಾ ಇನ್ನೂ ಬಂದಿರಲಿಲ್ಲ. ಹಗುರವಾದ ಚಿತ್ರ ಪೆಟ್ಟಿಗೆಯ ಮೂಲೆಯಲ್ಲಿ ಕೂರುತ್ತಿತ್ತು. ಸಾಮಾನ್ಯವಾಗಿ ಹನ್ನೆರಡು ಚಿತ್ರಗಳ ಒಂದು ಕಟ್ಟು, ಮೇಲೆ ರೇಷ್ಮೆಯ ಹೊದಿಕೆ.

ವ್ಯಾಪಾರಿಗಳ ಬಿಡಾರದ ಪಕ್ಕದ ಬೀದಿಗಳಲ್ಲೇ ಚಿತ್ರದಂಗಡಿಗಳು ತಲೆಯೆತ್ತಿದವು. ಪುಕ್ವಾ, ಲ್ಯಾಮ್‌ಕ್ವಾ, ಅವನ ತಮ್ಮ ಟಿಂಗ್‌ಕ್ವಾ, ಸುನ್‌ಕ್ವಾ ಮುಂತಾದವರು ಹೆಸರಾದರು. ಪುಕ್ವಾನ ಹೆಸರಿರುವ ಚಿತ್ರಗಳನ್ನು ನೋಡಿ ಲಂಡನ್ನಿನಲ್ಲಿ 1800ರಲ್ಲಿ ಚೀನಾದ ಉಡುಪುಗಳ ಬಗ್ಗೆ 60 ಚಿತ್ರಗಳ ಪುಸ್ತಕವೇ ಅಚ್ಚಾಯಿತು. ಲ್ಯಾಮ್‌ಕ್ವಾ ಎಣ್ಣೆಬಣ್ಣದಲ್ಲಿ ನಿಪುಣ. ಪೀಟರ್ ಪಾರ್ಕರ್ ಎಂಬ ಅಮೆರಿಕದ ವೈದ್ಯನಿಗಾಗಿ, ಗಡ್ಡೆಗಳಿಂದ ನರಳುತ್ತಿದ್ದ ರೋಗಿಗಳ ಚಿತ್ರಗಳನ್ನೂ ಬರೆದ. ಆಸ್ಪತ್ರೆಯ ದಾಖಲೆಗಳಾಗಿದ್ದ ಆ ಚಿತ್ರಗಳನ್ನು ವೈದ್ಯಶಾಸ್ತ್ರದ ಇತಿಹಾಸ ಬರೆಯುವವರು ಇಂದಿಗೂ ನೋಡುತ್ತಾರೆ. ಇಂಗ್ಲೆಂಡಿನ ಚಹಾ ಪರೀಕ್ಷಕ ಜಾನ್ ರೀವ್ಸ್ ಇಲ್ಲಿನ ಚಿತ್ರಗಾರರಿಂದ ಗಿಡ, ಮೀನು, ಹಕ್ಕಿಗಳ ನೂರಾರು ಚಿತ್ರ ಬರೆಸಿ ಲಂಡನ್ನಿಗೆ ಕಳಿಸಿದ. ಉಡುಪಿನ ಕಸೂತಿಯನ್ನು ಎಳೆ ಎಳೆಯಾಗಿ ನೋಡಿ ಪಳಗಿದ ಕಣ್ಣು ಎಲೆಯ ನರವನ್ನೂ ಅಷ್ಟೇ ನಿಷ್ಠೆಯಿಂದ ಹಿಡಿಯಿತು.

ಅಂಗಡಿಗಳಲ್ಲಿ ಕೆಲಸ ಹಂಚಿಕೊಂಡು ಮಾಡುತ್ತಿದ್ದರು. ಒಬ್ಬ ಹೊರಗೆರೆ ಎಳೆದರೆ ಒಬ್ಬ ಮುಖ ಬರೆಯುವವನು, ಇನ್ನೊಬ್ಬ ಬಟ್ಟೆಗೆ ಬಣ್ಣ ತುಂಬುವವನು. ಹಾಗಾಗಿಯೇ ಒಂದೇ ಅಧಿಕಾರಿ ಹತ್ತಾರು ಕಟ್ಟುಗಳಲ್ಲಿ ಒಂದೇ ಭಂಗಿಯಲ್ಲಿ ನಿಂತಿರುವುದು ಕಾಣುತ್ತದೆ. ಬೀಜಿಂಗ್‌ನ ಅರಮನೆ ಅಲ್ಲಿಂದ ಸುಮಾರು 2,000 ಕಿಲೋಮೀಟರ್ ದೂರ. ಸಿಂಹಾಸನದ ಮೇಲೆ ಕುಳಿತ ಚಕ್ರವರ್ತಿಯನ್ನು ಇವರು ಮಾದರಿ ಚಿತ್ರ ನೋಡಿಯೇ ಬರೆಯಬೇಕಿತ್ತು. ಅರಮನೆಯ ಚಿತ್ರಗಾರರು 1759ರಲ್ಲಿ ಮುಗಿಸಿದ ಉಡುಪು ನಿಯಮಗಳ ಸಚಿತ್ರ ಗ್ರಂಥ ಬೇರೆಯೇ ಇದೆ; ಅಲ್ಲಿ ಅಂಗಿಯ ಪ್ರತಿ ಅಲೆಯೂ ನಿಯಮದ ಪ್ರಕಾರ. ಮಾರಾಟದ ಚಿತ್ರಗಳಲ್ಲಿ ಹಕ್ಕಿ ತಪ್ಪಿರುವುದು, ಗುಂಡಿನ ಬಣ್ಣ ಹಕ್ಕಿಗೆ ಹೊಂದದಿರುವುದು ಉಂಟು. ಅದಕ್ಕೇ ಚಿತ್ರ ಓದುವವರು ಒಂದು ಗುರುತನ್ನು ನಂಬಿ ಕೂರುವುದಿಲ್ಲ, ಎರಡನ್ನೂ ಹೋಲಿಸಿ ನೋಡುತ್ತಾರೆ.

ಈಗ ಉಡುಪು ಬಿಟ್ಟು ಹಾಳೆಗೆ ಬರೋಣ. ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು.

ಸುಮಾರು 1820ರ ನಂತರದ ಬಹಳಷ್ಟು ಚಿತ್ರಗಳ ಹಾಳೆ ಮಾಮೂಲಿ ಕಾಗದವಲ್ಲ. ಮುಟ್ಟಿದರೆ ಮಖಮಲ್ಲಿನ ನುಣುಪು, ಬೆಳಕಿಗೆ ಹಿಡಿದರೆ ಅರೆಪಾರದರ್ಶಕ. ಇದನ್ನು ಅಕ್ಕಿಯಿಂದ ಮಾಡಿದ್ದಾರೆ ಎಂದು ಯೂರೋಪಿನವರು ಬಹುಕಾಲ ನಂಬಿದ್ದರು. ಅಕ್ಕಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ದಕ್ಷಿಣ ಚೀನಾ ಮತ್ತು ತೈವಾನ್‌ಗಳಲ್ಲಿ ಬೆಳೆಯುವ, ಅಗಲವಾದ ಸೀಳೆಲೆಗಳ ಒಂದು ಗಿಡದ ಕಾಂಡದ ತಿರುಳು ಅದು. ಲಂಡನ್ ಬಳಿಯ ಕ್ಯೂ ಸಸ್ಯೋದ್ಯಾನದ ವಿಲಿಯಂ ಹೂಕರ್ ವರ್ಷಗಟ್ಟಲೆ ಈ ಗಿಡದ ಬೆನ್ನುಹತ್ತಿ 1852ರಲ್ಲಿ ಅದಕ್ಕೆ ವೈಜ್ಞಾನಿಕ ಹೆಸರು ಕೊಟ್ಟರು. ಈಗ ಅದರ ಹೆಸರು ಟೆಟ್ರಪ್ಯಾನಾಕ್ಸ್ ಪ್ಯಾಪಿರಿಫರ್. ಜಿನ್ಸೆಂಗ್ ಬೇರು ಕೊಡುವ ಗಿಡವೂ ಇದೇ ಕುಟುಂಬದ್ದು.

ಹಾಳೆ ಮಾಡುವ ಬಗೆ ಹೀಗೆ. ಕಾಂಡವನ್ನು ತುಂಡು ಮಾಡಿ ನೀರಲ್ಲಿ ನೆನೆಸುತ್ತಾರೆ. ಕೋಲಿನಿಂದ ತಳ್ಳಿದರೆ ಒಳಗಿನ ಬಿಳಿ ತಿರುಳು ಇಡಿಯಾಗಿ ಹೊರಗೆ ಬರುತ್ತದೆ. ಆ ದುಂಡನೆಯ ತಿರುಳನ್ನು ಒಂದು ನುಣುಪಾದ ಹಾಸಿನ ಮೇಲಿಟ್ಟು, ಅಗಲವಾದ ಹರಿತ ಕತ್ತಿಯನ್ನು ಅದರ ಅಂಚಿಗೆ ತಾಗಿಸಿ, ತಿರುಳನ್ನು ಮೆಲ್ಲಗೆ ಉರುಳಿಸುತ್ತ ಹೋಗುತ್ತಾರೆ. ಸುತ್ತಿಟ್ಟ ಚಾಪೆ ಬಿಚ್ಚಿಕೊಂಡ ಹಾಗೆ ತಿರುಳು ತೆಳುವಾದ ಒಂದೇ ಹಾಳೆಯಾಗಿ ಬಿಚ್ಚಿಕೊಳ್ಳುತ್ತದೆ. ಕೈ ಒಂದು ಕ್ಷಣ ನಡುಗಿದರೆ ಹಾಳೆ ಹರಿಯಿತು. ತೈವಾನ್‌ನ ಶಿಂಚು ಊರು ಈ ಕೆಲಸಕ್ಕೆ ಹೆಸರಾಗಿತ್ತು. ತಿರುಳಿನ ತುಂಡಿನ ಉದ್ದಕ್ಕಿಂತ ಹಾಳೆ ಅಗಲವಾಗಲಾರದು. ಆದ್ದರಿಂದಲೇ ಈ ಚಿತ್ರಗಳೆಲ್ಲ ಚಿಕ್ಕವು.

ಕಾಗದ ಮಾಡುವಾಗ ನಾರನ್ನು ಕುಟ್ಟಿ, ನೀರಿಗೆ ಹಾಕಿ, ಜರಡಿಯಲ್ಲಿ ಎತ್ತುತ್ತಾರೆ. ಅಲ್ಲಿ ಗಿಡದ ಮೂಲ ರಚನೆ ಉಳಿಯುವುದಿಲ್ಲ. ಇಲ್ಲಿ ಕುಟ್ಟುವುದೂ ಇಲ್ಲ, ಅರೆಯುವುದೂ ಇಲ್ಲ. ಗಿಡದ ಜೀವಕೋಶಗಳು ಬೆಳೆದ ಕ್ರಮದಲ್ಲೇ ಇರುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತೆಳುಗೋಡೆಯ ಕೋಣೆಗಳು ಒತ್ತೊತ್ತಾಗಿ ಕಾಣುತ್ತವೆ. ಕೋಣೆಗಳೊಳಗೆ ಬರೀ ಗಾಳಿ. ಗೋಡೆ, ಗಾಳಿ, ಗೋಡೆ, ಗಾಳಿ! ಕಲ್ಲುಸಕ್ಕರೆಯ ಪುಡಿ ನೆನಪಾಯಿತೇ? ತಿರುಳು ಹಾಲುಬಿಳುಪಾಗಿರುವುದಕ್ಕೆ ಅದೇ ಕಾರಣ. ಸುಣ್ಣ ಬಳಿದದ್ದಲ್ಲ, ಗಾಳಿಯ ಗಡಿಗಳಲ್ಲಿ ಚದುರಿದ ಬೆಳಕು.

ಇದನ್ನು ಕೈಯಲ್ಲಿ ಹಿಡಿದು ನೋಡಬೇಕೆನ್ನಿಸಿದರೆ ಚೀನಾಕ್ಕೆ ಹೋಗಬೇಕಾಗಿಲ್ಲ. ನಮ್ಮ ಮದುವೆಗಳಲ್ಲಿ ವಧೂವರರ ಹಣೆಗೆ ಕಟ್ಟುವ ಬಾಸಿಂಗವನ್ನು ನೋಡಿ. ಥರ್ಮೋಕೋಲಿನದಲ್ಲ, ಹಳೆಯ ಬಗೆಯ ಬೆಂಡಿನ ಬಾಸಿಂಗ. ಆ ಬೆಂಡು ಕೆರೆ, ಜೌಗುಗಳಲ್ಲಿ ಬೆಳೆಯುವ ಈಸ್ಕಿನೋಮಿನಿ ಎಂಬ ಗಿಡದ್ದು. ಅದು ತೊಗರಿ, ಹುರುಳಿಗಳ ಕುಟುಂಬಕ್ಕೆ ಸೇರಿದ್ದು, ಚೀನಾದ ಗಿಡಕ್ಕೆ ಬಂಧುವಲ್ಲ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅದರ ಬೆಂಡು ತಿರುಳೂ ಅಲ್ಲ, ಅತಿ ಹಗುರವಾದ ಮರ. ಆದರೂ ಬಿಳುಪು, ಹಗುರ, ಕತ್ತಿಗೆ ಸಿಗುವ ಮೆದುತನ ಎರಡರಲ್ಲೂ ಒಂದೇ, ಏಕೆಂದರೆ ಎರಡರ ಒಳಗೂ ಇರುವುದು ಗಾಳಿ ತುಂಬಿದ ಕೋಣೆಗಳು. ಚೀನಾದಲ್ಲೂ ಈ ತಿರುಳಿನಿಂದ ಮುಡಿಯುವ ಹೂಗಳನ್ನು ಮಾಡುತ್ತಿದ್ದರು. ದೂರ ದೂರದ ಎರಡು ನಾಡಿನ ಕುಶಲಕರ್ಮಿಗಳ ಬೆರಳುಗಳು ಒಂದೇ ಗುಣವನ್ನು ಕಂಡುಕೊಂಡವು.

ಈ ಹಾಳೆಯ ಮೇಲೆ ನೀರುಬಣ್ಣ ಹಚ್ಚಿದಾಗ ಏನಾಗುತ್ತದೆ? ಒಣಗಿದ ಕೋಶಗಳ ಗೋಡೆ ನೀರು ಕುಡಿದು ಉಬ್ಬುತ್ತದೆ. ಬಣ್ಣ ತಾಗಿದ ಜಾಗ ಮಾತ್ರ ಕೂದಲೆಳೆಯಷ್ಟು ಮೇಲೆದ್ದು ನಿಲ್ಲುತ್ತದೆ. ಚಿತ್ರವನ್ನು ಓರೆ ಬೆಳಕಿನಲ್ಲಿಟ್ಟರೆ ಅಧಿಕಾರಿಯ ಎದೆಯ ನವಿಲು ನಿಜವಾಗಿಯೂ ಬಟ್ಟೆಯಿಂದ ಎದ್ದು ಬಂದ ಕಸೂತಿಯಾಗಿ ಕಾಣುತ್ತದೆ. ರೇಷ್ಮೆಯ ದಾರ ಮಾಡುವ ಕೆಲಸವನ್ನು ಇಲ್ಲಿ ಗಿಡದ ಕೋಶಗಳು ಮಾಡಿಕೊಟ್ಟಿವೆ. ಉಡುಪಿನ ಚಿತ್ರಗಳಿಗೆ ಇದಕ್ಕಿಂತ ತಕ್ಕ ಹಾಳೆ ಸಿಗುತ್ತಿರಲಿಲ್ಲ ಎಂದು ನನ್ನ ದೃಢ ನಂಬಿಕೆ. ಮುಖದ ವಿಷಯದಲ್ಲಿ ಇನ್ನೊಂದು ಚಾತುರ್ಯ. ಹಾಳೆ ಅರೆಪಾರದರ್ಶಕವಲ್ಲವೇ? ಮುಖದ ಬಣ್ಣವನ್ನು ಹಿಂಬದಿಯಿಂದ ಹಚ್ಚಿ, ಮುಂದುಗಡೆ ಕಣ್ಣು ಹುಬ್ಬುಗಳ ಗೆರೆ ಮಾತ್ರ ಎಳೆಯುತ್ತಿದ್ದರು. ಆಗ ಮೈಬಣ್ಣ ಚರ್ಮದ ಒಳಗಿನಿಂದ ಹೊಮ್ಮಿದಂತಿರುತ್ತಿತ್ತು.

ಬಣ್ಣಗಳ ಊರುಗಳೂ ನಾನಾ ಕಡೆಯವು. ಟೋಪಿಯ ಕುಚ್ಚಿನ ಕೆಂಪು, ಪಾದರಸ ಮತ್ತು ಗಂಧಕ ಸೇರಿ ಆದ ಇಂಗಲೀಕ. ಹಳದಿಗೆ ಗ್ಯಾಂಬೋಜ್ ಎಂಬ ಮರದ ಅಂಟು. ಆ ಮರ ನಮ್ಮ ಪಶ್ಚಿಮ ಘಟ್ಟದ ಉಪ್ಪಾಗೆ, ಮುರುಗಲು ಮರಗಳ ಬಳಗದ್ದು. ನೀಲಿಗಳಲ್ಲಿ ಒಂದು ಪ್ರಷ್ಯನ್ ನೀಲಿ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಬರ್ಲಿನ್‌ನಲ್ಲಿ ತಯಾರಾದ ಈ ಬಣ್ಣ ಹಡಗಿನಲ್ಲಿ ಗುವಾಂಗ್‌ಝೌಗೆ ಬಂದು, ಅಧಿಕಾರಿಯ ಅಂಗಿಗೆ ಸೇರಿ, ಮತ್ತೆ ಹಡಗೇರಿ ಯೂರೋಪಿಗೆ ಮರಳುತ್ತಿತ್ತು. ಬಿಳಿ ಬಣ್ಣ ಸೀಸದ್ದು.

ಆ ಬಿಳಿಗೆ ಒಂದು ಕಾಯಿಲೆಯಿದೆ. ಕಲ್ಲಿದ್ದಲು ಉರಿಯುವ ಊರುಗಳ ಗಾಳಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಸ್ವಲ್ಪ ಇರುತ್ತದೆ. ಅದು ಸೀಸದ ಬಿಳಿಯನ್ನು ಮುಟ್ಟಿದರೆ ಸೀಸದ ಸಲ್ಫೈಡ್ ಆಗುತ್ತದೆ, ಅದರ ಬಣ್ಣ ಕಪ್ಪು. ಹಾಗಾಗಿ ಕೆಲವು ಚಿತ್ರಗಳಲ್ಲಿ ಅಧಿಕಾರಿಯ ಕೆನ್ನೆ, ಬೂಟಿನ ಬಿಳಿ ಅಟ್ಟೆ ಮಸಿ ಬಳಿದಂತಾಗಿದೆ. ಹೈಡ್ರೋಜನ್ ಪೆರಾಕ್ಸೈಡ್ ಮುಟ್ಟಿಸಿದರೆ ಆ ಕಪ್ಪು, ಸೀಸದ ಸಲ್ಫೇಟ್ ಆಗಿ ಮತ್ತೆ ಬಿಳುಪಾಗುತ್ತದೆ. ಮಾಮೂಲಿ ಕಾಗದದ ಮೇಲಿನ ಚಿತ್ರವಾದರೆ ಸಂಗ್ರಹಾಲಯದ ತಜ್ಞರು ಇದನ್ನು ಜೋಪಾನವಾಗಿ ಮಾಡಿಯೇ ಬಿಡುತ್ತಾರೆ. ತಿರುಳಿನ ಹಾಳೆಯಾದರೆ ಹನಿ ನೀರು ಬಿದ್ದರೂ ಕೋಶಗಳು ಉಬ್ಬುತ್ತವೆ, ಒಣಗುವಾಗ ಹಾಳೆ ಸೊಟ್ಟಗಾಗುತ್ತದೆ, ಬಿರಿಯುತ್ತದೆ. ಆದ್ದರಿಂದ ತುಂಬ ಯೋಚಿಸಿಯೇ ಕೈ ಹಾಕುತ್ತಾರೆ. ಪ್ರದರ್ಶನಕ್ಕೆ ಇಟ್ಟಾಗ ಬೆಳಕನ್ನು ಲಕ್ಸ್ ಎಂಬ ಅಳತೆಯಲ್ಲಿ ಸುಮಾರು 50ಕ್ಕೆ ಇಳಿಸುತ್ತಾರೆ. ಗಾಳಿಯ ತೇವ ಏರುಪೇರಾಗದಂತೆ ನೋಡಿಕೊಳ್ಳುತ್ತಾರೆ. ಹಾಳೆಯ ಅಂಚಿಗೆ ಹಳೆಯ ಅಂಗಡಿಯವರು ಅಂಟಿಸಿದ ನೀಲಿ ರೇಷ್ಮೆಯ ಪಟ್ಟಿ ಇನ್ನೂ ಇದ್ದರೆ ಅದನ್ನು ಕೀಳುವುದಿಲ್ಲ. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿ, ಅಮೆರಿಕದ ಸೇಲಂ ಊರಿನ ಪೀಬಾಡಿ ಎಸೆಕ್ಸ್ ಸಂಗ್ರಹಾಲಯದಲ್ಲಿ ಗುವಾಂಗ್‌ಝೌ ಚಿತ್ರದಂಗಡಿಗಳ ಕೆಲಸ ಹೇರಳವಾಗಿದೆ. ಪೀಬಾಡಿಯಲ್ಲಿ ಟಿಂಗ್‌ಕ್ವಾನ ಅಂಗಡಿಯದೇ ಒಂದು ಚಿತ್ರವಿದೆ: ಚಿತ್ರಗಾರರು ತಮ್ಮ ತಮ್ಮ ಮೇಜಿನ ಮುಂದೆ ಕುಳಿತು ಬರೆಯುತ್ತಿದ್ದಾರೆ. ಇಂಥ ಚಿತ್ರಗಳನ್ನು ಆ ಸಂಗ್ರಹಾಲಯಗಳು ಅಂತರ್ಜಾಲದಲ್ಲೂ ಇಟ್ಟಿವೆ. ತೆರೆದು ದೊಡ್ಡದು ಮಾಡಿ, ಮೊದಲು ಟೋಪಿಯ ಗುಂಡು, ಆಮೇಲೆ ಎದೆಯ ಹಕ್ಕಿ ನೋಡಿ. ಎರಡೂ ಒಂದೇ ದರ್ಜೆಯನ್ನು ಹೇಳುತ್ತವೆಯೋ ಇಲ್ಲವೋ ಎಂದು ನೀವೇ ಪರೀಕ್ಷಿಸಿ.